ಹೇಳದೆ ಹೋದ ಸಮುದ್ರ

ನಮ್ಮೂರಿನಲ್ಲಿ ಸಮುದ್ರ ಕರೆದರೆ ಬರುತ್ತದೆ, ಕಳಿಸಿಕೊಟ್ಟರೆ ಹೋಗುತ್ತದೆ. ಬೇರೆ ಊರುಗಳಲ್ಲಿ ಅದು ಚಂದ್ರನ ಮಾತು ಕೇಳಿಕೊಂಡು ತನ್ನಷ್ಟಕ್ಕೆ ತಾನೇ ಬಂದು ಹೋಗುತ್ತದೆ ಎಂದು ರಾತ್ರಿ ಶಾಲೆಯ ಮಾಸ್ತರರು ಪಾಠ ಮಾಡಿದ್ದರು. ಇರಬಹುದು. ಮನೆಯವರು 'ಬನ್ನಿ' ಎನ್ನುವ ಮೊದಲೇ ಚಪ್ಪಲಿ ಬಿಟ್ಟು ಒಳಗೆ ನುಗ್ಗುವವರು ಮನುಷ್ಯರಲ್ಲಿ ಇಲ್ಲವೇ, ಹಾಗೆ ಸಮುದ್ರಗಳಲ್ಲೂ ಕೆಲವು ಇರುತ್ತವೆ ಎಂದುಕೊಂಡು ನಾನು ಸುಮ್ಮನೆ ಸ್ಲೇಟಿನ ಮೇಲೆ ಬರೆದುಕೊಂಡೆ. ನಮ್ಮದು ಮಾತ್ರ ಮರ್ಯಾದೆಯ ಸಮುದ್ರ. ಹೊಸ ಬೀಗರ ಹಾಗೆ. ಕರೆದದ್ದರಲ್ಲಿ ಒಂದು ಕೂದಲೆಳೆ ಕಡಿಮೆಯಾದರೂ ಮುಖ ದಪ್ಪ ಮಾಡಿಕೊಳ್ಳುತ್ತದೆ.

ಕರೆಯುವ ಕೆಲಸ ನನ್ನ ಓರಗಿತ್ತಿ ಗಣಪಿಯದು. ಬೆಳಗಾದರೆ ಅವಳು ದೋಣಿ ಕಟ್ಟುವ ದಕ್ಕೆಯ ಕಟ್ಟೆಯ ಮೇಲೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, 'ಬನ್ನೀ, ಗಂಜಿ ಆಗಿದೆ, ಬನ್ನೀ' ಎಂದು ಕೂಗುತ್ತಾಳೆ. ಆ ಕೂಗಿಗೆ ಊರಿನ ನಾಯಿಗಳು ಎದ್ದು ಕೂರುತ್ತವೆ, ಮಕ್ಕಳು ಹಾಸಿಗೆ ಸುತ್ತುತ್ತಾರೆ, ದೂರದಲ್ಲಿ ಬೆಳ್ಳಗೆ ಒಂದು ಗೆರೆ ಎದ್ದು ನಮ್ಮ ಕಡೆ ಹೊರಡುತ್ತದೆ. ನೋಡಲು ಸೊಗಸು. ವರ್ಷಕ್ಕೊಮ್ಮೆ ಊರವರು ಸೇರಿ ಗಣಪಿಗೆ ಸೀರೆ ಉಡಿಸಿ ಸನ್ಮಾನ ಮಾಡುತ್ತಾರೆ. ಆ ಸೀರೆ ಬಂದ ಪ್ಲಾಸ್ಟಿಕ್ ಚೀಲ ನನಗೆ ಸಿಗುತ್ತದೆ. ಗಟ್ಟಿ ಚೀಲ. ಮೀನು ತರಲು ಒಳ್ಳೆಯದಾಗುತ್ತದೆ.

ಚೀಲ ಮಾತ್ರ ಯಾಕೆಂದರೆ, ನನ್ನದು ಕಳಿಸಿಕೊಡುವ ಕೆಲಸ. ಅದರಲ್ಲಿ ನೋಡುವಂಥದ್ದು ಏನೂ ಇಲ್ಲ. ನೀರು ಬಂದು, ದೋಣಿಗಳನ್ನು ಎತ್ತಿ ಆಡಿಸಿ, ಕೂತು ಸಾಕಾಯಿತು ಎನಿಸಿದಾಗ ನಾನು ಕಟ್ಟೆಯ ತುದಿಗೆ ಹೋಗಿ ಒಂದು ಚಿಟಿಕೆ ಕುಂಕುಮ ನೀರಿಗೆ ಬಿಟ್ಟು 'ಹೋಗಿ ಬನ್ನಿ' ಎನ್ನಬೇಕು. ಅಷ್ಟು ಹೇಳಿ ತಿರುಗಿ ಬರುವಂತಿಲ್ಲ. ಅದು ಹೊಳೆ ಕಡಲು ಸೇರುವ ಅಳಿವೆ ಬಾಯಿ ದಾಟಿ ಮರೆಯಾಗುವ ತನಕ ನಿಂತಿರಬೇಕು. ಹೋಗುವಾಗ ಅದು ಆಗಾಗ ತಿರುಗಿ ನೋಡುತ್ತದೆ; ಬಾಗಿಲಲ್ಲಿ ಯಾರೂ ಇಲ್ಲದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತದೆ. ಗಂಡ ಸತ್ತವಳು ಕುಂಕುಮ ಕೊಡಬಹುದೇ ಎಂದು ಊರಿನಲ್ಲಿ ಒಬ್ಬಿಬ್ಬರು ಗೊಣಗಿದ್ದುಂಟು. ಸಮುದ್ರ ಮಾತ್ರ ಕೇಳಲಿಲ್ಲ. ನನ್ನ ಗಂಡನನ್ನು ತೆಗೆದುಕೊಂಡದ್ದೇ ಅದು, ಯಾವ ಮುಖ ಇಟ್ಟುಕೊಂಡು ಕೇಳೀತು?

ನನಗೊಬ್ಬಳು ಮಗಳು, ಕುಸುಮ. ಚಟ್ನಿಗೆ ಕಾಯಿ ಇಲ್ಲ, ತರ್ತೇನೆ ಎಂದು ಹಿತ್ತಲ ಬಾಗಿಲಿನಿಂದ ಹೋದವಳು ಹೋದಳು. ಹೇಳಲಿಲ್ಲ, ಕೇಳಲಿಲ್ಲ. ಆಮೇಲೆ ಯಾವುದೋ ದೇಶದಿಂದ ಫೋನು ಬಂತು: ಅವಳು ದೊಡ್ಡದೊಂದು ಮೋಜಿನ ಹಡಗಿನಲ್ಲಿ ಚಾದರ ಒಗೆಯುವ ಕೆಲಸಕ್ಕೆ ಸೇರಿದ್ದಾಳೆ. ನಮ್ಮೂರಿನಲ್ಲಿ ಮನುಷ್ಯರಿಗೂ ನೀರಿಗೂ ಒಂದೇ ಕಟ್ಟಳೆ: ಕಳಿಸಿಕೊಟ್ಟದ್ದು ಮರಳಿ ಬರುತ್ತದೆ, ಹೇಳದೆ ಹೋದದ್ದರ ಮಾತು ಬೇರೆ. ಊರಿನ ಸಮುದ್ರವನ್ನು ದಿನಾ ಕಳಿಸಿಕೊಡುವವಳ ಮಗಳೇ ಹೇಳದೆ ಹೋದಳು ಎಂದು ಜನ ಸಂತೆಯಲ್ಲಿ ಆಡಿಕೊಂಡರು. ಅವರಿಗೂ ಏನಾದರೂ ಕೆಲಸ ಬೇಕಲ್ಲ.

ಹೀಗಿರುವಾಗ ನಮ್ಮೂರು ಉದ್ಧಾರವಾಗುವ ಕಾಲ ಬಂತು. ಜಲಮಹಾರಾಣಿ ಎಂಬ ಪ್ರವಾಸಿ ಹಡಗು ನಮ್ಮ ದಕ್ಕೆಗೆ ಬರುತ್ತದೆ ಎಂದು ನಿರಂಜನ ಸಾಹೇಬರು ಪ್ರಕಟಿಸಿದರು. ಇವರು ಬಂದರು ಅಭಿವೃದ್ಧಿಗೆಂದೇ ಬಂದ ಅಧಿಕಾರಿ. ಬಂದರನ್ನು ಅಭಿವೃದ್ಧಿ ಮಾಡಲು ಅವರು ಮೊದಲು ಮಾಡಿದ್ದು ಅಲ್ಲಿಂದ ಮೀನನ್ನು ಓಡಿಸಿದ್ದು. ಒಣಮೀನಿನ ಚಪ್ಪರ ಹೋಯಿತು, ಬಲೆ ಹೆಣೆಯುವ ಜಗಲಿ ಹೋಯಿತು. ಕಾಲಿಟ್ಟರೆ ಜಾರುವ ಟೈಲ್ಸ್ ಬಂತು; ಸೆಲ್ಫಿಗೆಂದು ಸಿಮೆಂಟಿನ ದೊಡ್ಡ ಮೀನು ಬಂತು. ನಿಜವಾದ ಮೀನಿಗೆ ವಾಸನೆ, ಸಿಮೆಂಟಿನ ಮೀನಿಗೆ ಸೌಂದರ್ಯ. ಗಣಪಿಯ ದನಿಯನ್ನೂ ಅವರು ಪರೀಕ್ಷಿಸಿದರು.

"ಒಳ್ಳೇ ದನಿ ಅಮ್ಮಾ. ಆದ್ರೆ ಗಂಜಿ ಅಂತ ಕೂಗೋದು ಅಂತಾರಾಷ್ಟ್ರೀಯ ಮಟ್ಟಕ್ಕೆ ಸರಿಹೋಗಲ್ಲ," ಎಂದರು.

"ಹಾಗಾದ್ರೆ ಎಂತ ಹೇಳಿ ಕೂಗುದು? ಬಿರಿಯಾನಿ ಅಂತಲಾ?" ಎಂದಳು ಗಣಪಿ.

ಪಟ್ಟಣದಿಂದ ಯಾರೋ ಹುಡುಗಿಯ ನಯವಾದ ದನಿಯಲ್ಲಿ 'ಸುಸ್ವಾಗತ, ತಮ್ಮ ಆಗಮನವೇ ನಮ್ಮ ಸೌಭಾಗ್ಯ' ಎಂದು ರೆಕಾರ್ಡು ಮಾಡಿಸಿ, ಕಂಬಕ್ಕೊಂದರಂತೆ ಧ್ವನಿವರ್ಧಕ ಕಟ್ಟಿಸಿದರು. ಗಣಪಿಯನ್ನು ಹೂಗುಚ್ಛ ಕೊಟ್ಟು ಕೆಲಸದಿಂದ ಬಿಡಿಸಿದರು. ನನ್ನನ್ನು ಬಿಡಿಸಲಿಲ್ಲ. ನಾನೊಬ್ಬಳಿದ್ದೇನೆ ಎಂದು ಗೊತ್ತಿದ್ದರೆ ತಾನೇ ಬಿಡಿಸುವುದು.

ಹಡಗು ಬರುವ ಹಿಂದಿನ ದಿನ ಕುಸುಮನ ಫೋನು ಬಂತು.

"ಅಮ್ಮಾ, ನಮ್ಮ ಹಡಗು ನಿಮ್ಮೂರಿಗೇ ಬರ್ತಾ ಉಂಟು."

"ನಿಮ್ಮೂರಾ? ನಿನ್ನೂರು ಯಾವುದೇ?"

"ಅದೇ, ನಮ್ಮೂರು. ಆದ್ರೆ ಕೆಲಸದವರಿಗೆ ನೆಲಕ್ಕೆ ಇಳೀಲಿಕ್ಕೆ ಇಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗುದು. ನೀನು ದಕ್ಕೆಗೆ ಬಾ. ನಾನಿರ್ತೇನೆ ಒಳಗೆ."

"ಯಾವ ಕಿಟಕಿ ನೋಡ್ಬೇಕು?"

"ಬಟ್ಟೆ ಒಗೆಯುವ ಕೋಣೆಗೆ ಕಿಟಕಿ ಇಲ್ಲಮ್ಮ," ಎಂದಳು. "ಸುಮ್ನೆ ಹಡಗು ನೋಡು."

ಸುಮ್ಮನೆ ಹಡಗು ನೋಡಲೆಂದು ನಾನು ಒಳ್ಳೆಯ ಸೀರೆ ಉಟ್ಟು, ಕುಂಕುಮದ ಭರಣಿ ಹಿಡಿದು ಹೋದೆ. ಧ್ವನಿವರ್ಧಕದ ಹುಡುಗಿ ಸುಸ್ವಾಗತ ಎಂದಿದ್ದಳು. ಹೊಸಬಳ ದನಿ ಯಾವುದಪ್ಪಾ ಎಂಬ ಕುತೂಹಲಕ್ಕೋ ಏನೋ, ಸಮುದ್ರ ಬಂದಿತ್ತು, ತುಂಬ ಬಂದಿತ್ತು. ಅದರ ಬೆನ್ನ ಮೇಲೆ ಬಿಳಿಯ ಕಲ್ಯಾಣ ಮಂಟಪಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂಥ ಹಡಗು. ಬ್ಯಾಂಡು ಬಾರಿಸುತ್ತಿತ್ತು. ಆದರೆ ನಾನು ದಿನಾ ನಿಲ್ಲುವ ಜಾಗಕ್ಕೆ ಅಡ್ಡವಾಗಿ ಬೇಲಿ, ಬೇಲಿಗೊಂದು ಗೇಟು, ಗೇಟಿಗೊಬ್ಬ ಸೆಕ್ಯುರಿಟಿ. ಎಲ್ಲಿಯವನೋ, ನಮ್ಮೂರಿನವನಲ್ಲ.

"ಪಾಸ್ ಇದ್ಯಾ ಅಜ್ಜಿ?"

"ಕಳಿಸಿಕೊಡ್ಲಿಕ್ಕೆ ಬಂದವಳು ನಾನು."

"ಯಾರನ್ನ ಕಳಿಸಬೇಕು?"

"ಸಮುದ್ರವನ್ನು."

ಅವನು ನನ್ನನ್ನೊಮ್ಮೆ ನೋಡಿ ಬೇಲಿಯ ಮೇಲಿನ ಫಲಕ ತೋರಿಸಿದ. 'ಅನುಮತಿ ಇಲ್ಲದೆ ಪ್ರವೇಶವಿಲ್ಲ' ಎಂದಿತ್ತು. ಮೊದಲಿನ ಹಾಗೆ ಅಕ್ಷರ ಬಾರದವಳಾಗಿದ್ದರೆ ನುಗ್ಗಿ ಹೋಗುತ್ತಿದ್ದೆ. ಈಗ ಓದು ಬರುತ್ತದೆ, ಒತ್ತಕ್ಷರ ಸಹಿತ. ಓದಿದವಳ ಹಾಗೆ ನಡೆದುಕೊಳ್ಳಬೇಕಲ್ಲ. ತಿರುಗಿ ಮನೆಗೆ ಬಂದು ಸೀರೆ ಬದಲಿಸಿದೆ. ವಿದ್ಯೆಯಿಂದ ವಿನಯ ಬರುತ್ತದೆ ಎಂದು ಮಾಸ್ತರರು ಹೇಳಿದ್ದು ಹೀಗೆ ನಿಜವಾಯಿತು.

ಆ ಸಂಜೆ ಸಮುದ್ರಕ್ಕೆ ಹೋಗುವ ಹೊತ್ತಾಯಿತು. ಯಾರೂ ಕಳಿಸಿಕೊಡಲಿಲ್ಲ. ಪಾಪ, ಅದು ಕಾದಿತು. ಎದ್ದರೆ ಮನೆಯವರು ಏನಂದುಕೊಳ್ಳುತ್ತಾರೋ ಎಂದು ಕೂತೇ ಇತ್ತು. ಕೂತು ಕೂತು ಟೈಲ್ಸಿನ ಮೇಲೆ ಬಂತು, ಐಸ್‌ಕ್ರೀಮ್ ಅಂಗಡಿಯೊಳಗೆ ಬಂತು, ಸಿಮೆಂಟಿನ ಮೀನಿಗೆ ಮೊದಲ ಸಲ ನೀರು ಕಾಣಿಸಿತು. ಪ್ರವಾಸಿಗರು ಪ್ಯಾಂಟು ಮಡಚಿ ಇದೂ ಕಾರ್ಯಕ್ರಮದಲ್ಲಿ ಸೇರಿದ್ದೇ ಎಂದು ಫೋಟೋ ತೆಗೆದರು. ಹಡಗು ಹೊರಡಲೆಂದು ಎಲ್ಲರೂ ಒಳಗೆ ಸೇರಿದ ಮೇಲೂ ಊರಿನ ಕೆಲವರು ಐಸ್‌ಕ್ರೀಮ್ ಅಂಗಡಿಯ ಕುರ್ಚಿ ಬಿಟ್ಟು ಏಳಲಿಲ್ಲ. ಅವರನ್ನು ಎಬ್ಬಿಸಲು ನಿರಂಜನ ಸಾಹೇಬರು ಧ್ವನಿವರ್ಧಕದಲ್ಲಿ ಸ್ವತಃ ಗುಡುಗಿದರು: "ಸಮಯ ಮುಗಿದಿದೆ. ಎಷ್ಟು ಹೊತ್ತು ಕೂರ್ತೀರಿ? ಕೂಡಲೇ ಆವರಣ ಖಾಲಿ ಮಾಡಿ!"

ಸಮುದ್ರ ಎದ್ದಿತು. ಆ ಥರ ಏಳುವುದನ್ನು ನಾನು ಮದುವೆ ಮನೆಗಳಲ್ಲಿ ನೋಡಿದ್ದೇನೆ. ಎಲೆ ಮುಂದೆ ಕೂತ ಬೀಗರು ಕೈ ಕೊಡವಿ ಏಳುತ್ತಾರಲ್ಲ, ಹಾಗೆ. ಹಗ್ಗ ಬಿಚ್ಚುವುದರೊಳಗೆ ಹಡಗಿನ ಕೆಳಗಿನ ನೀರು ಹೋಗಿತ್ತು. ಅಳಿವೆ ಬಾಯಿ ದಾಟಿತು, ಕಣ್ಣಿಗೆ ಕಾಣುವ ದೂರವನ್ನೂ ದಾಟಿತು. ಒಮ್ಮೆಯೂ ತಿರುಗಿ ನೋಡಲಿಲ್ಲ. ಜಲಮಹಾರಾಣಿ ಕೆಸರಿನ ಮೇಲೆ ಕೂತು, ಊಟವಾದ ಮೇಲೆ ತೂಕಡಿಸುವ ನೆಂಟರ ಹಾಗೆ ಒಂದು ಮಗ್ಗುಲಿಗೆ ಸ್ವಲ್ಪ ವಾಲಿತು.

ಮರುದಿನ ಧ್ವನಿವರ್ಧಕದ ಹುಡುಗಿ ಸುಸ್ವಾಗತ ಎಂದಳು. ದಿನವಿಡೀ ಎಂದಳು. ಬಂದದ್ದು ನಾಲ್ಕು ಕಾಗೆ. ಹಡಗಿನ ಕಪ್ತಾನರು ಪ್ರಯಾಣಿಕರಿಗೆ, ಇದು ಈ ಪ್ರವಾಸದ ವಿಶೇಷ ಆಕರ್ಷಣೆ, ಸಮುದ್ರದ ತಳವನ್ನು ಕಾಲಲ್ಲಿ ನಡೆದು ನೋಡುವ ಅಪೂರ್ವ ಅವಕಾಶ ಎಂದು ಘೋಷಿಸಿದರಂತೆ. ಜನ ಏಣಿ ಇಳಿದು ಬಂದರು, ಮೊಣಕಾಲಿನ ತನಕ ಹೂತುಕೊಂಡು ಅಪೂರ್ವ ಎಂದರು. ನಮ್ಮವರೂ ಸುಮ್ಮನಿರಲಿಲ್ಲ. ಹಲಗೆಗೆ ಹಗ್ಗ ಕಟ್ಟಿ ಕೆಸರು ಚಪ್ಪಲಿ ಮಾಡಿ ಮಾರಿದರು. ಹಡಗಿನ ಈಜುಕೊಳದ ನೀರೆಲ್ಲ ಒಂದು ಮೂಲೆಗೆ ಸರಿದಿತ್ತು. ಸೂಪು ಬಟ್ಟಲಿನ ಒಂದೇ ಕಡೆಯಿಂದ ಕುಡಿಯಬೇಕಿತ್ತು. ಕೆಲವು ದಿನಗಳಲ್ಲಿ ಅದಕ್ಕೂ ಹೊಂದಿಕೊಂಡರು. ಹಡಗಿನಿಂದ ಇಳಿದು ಸಪಾಟು ನೆಲದ ಮೇಲೆ ನಡೆಯುವಾಗಲೂ ಅವರು ಓರೆಯಾಗಿಯೇ ನಡೆಯುತ್ತಿದ್ದರು.

ನಾನು ಕೆಸರಿಗೆ ಇಳಿದೆ. ಬೇಲಿ ದಕ್ಕೆಗಿತ್ತು, ಸಮುದ್ರದ ತಳಕ್ಕೆ ಬೇಲಿ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹಡಗಿನ ಕೆಳಗೆ ನಿಂತು, ಕಿಟಕಿ ಇಲ್ಲದ ಗೋಡೆಗೆ ಕಲ್ಲಿನಿಂದ ಕುಟ್ಟಿದೆ. ಬಹಳ ಹೊತ್ತಾದ ಮೇಲೆ ಮೇಲಿನಿಂದ ಹಗ್ಗದ ಏಣಿ ಬಿತ್ತು. ನೀಲಿ ಅಂಗಿ, ಪ್ಯಾಂಟು ತೊಟ್ಟ ಹೆಂಗಸೊಬ್ಬಳು ಇಳಿದು ಬಂದಳು. ದಪ್ಪಗಾಗಿದ್ದಳು. ಕೈಬೆರಳುಗಳು ಸೋಪಿನ ನೀರಿಗೆ ಬೆಳ್ಳಗೆ ಸುಕ್ಕುಗಟ್ಟಿದ್ದವು. ಅವಳೂ ನೋಡಿದಳು, ನಾನೂ ನೋಡಿದೆ.

"ಕಾಯಿ ತಂದ್ಯನೇ?" ಎಂದೆ.

ಅವಳು ನಕ್ಕಳು. ಆಮೇಲೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಹಡಗಿನಲ್ಲಿ ಉಂಟು. ತೂತು ಕೊರೆದು, ಮೇಲೊಂದು ಕಾಗದದ ಕೊಡೆ ಸಿಕ್ಕಿಸಿ ಕುಡೀಲಿಕ್ಕೆ ಕೊಡ್ತಾರೆ," ಎಂದಳು.

ಮೇಲಿನಿಂದ ಬಿಳಿ ಟೋಪಿಯವನೊಬ್ಬ ಕೂಗಿದ: ಕೆಲಸದವರು ನೆಲಕ್ಕೆ ಇಳಿಯುವಂತಿಲ್ಲ, ನಿಯಮ!

"ಇದು ನೆಲ ಅಲ್ಲ ಸಾರ್, ಸಮುದ್ರದ ತಳ," ಎಂದು ಕುಸುಮ ತಿರುಗಿ ಕೂಗಿದಳು. ಟೋಪಿಯವನು ನಿಯಮವನ್ನು ನೆನೆಸಿಕೊಂಡ. ತಳದ ವಿಷಯ ಅದರಲ್ಲಿ ಇರಲಿಲ್ಲವೆಂದು ಕಾಣುತ್ತದೆ, ಒಳಗೆ ಹೋದ.

ಅಂದಿನಿಂದ ದಿನಾ ಮಧ್ಯಾಹ್ನ ನಾನು ಶೆಟ್ಲಿ ಸಿಗಡಿಯ ಸಾರು, ಅನ್ನ ಬುತ್ತಿ ಕಟ್ಟಿಕೊಂಡು ಕೆಸರು ತುಳಿದು ಹೋಗುವುದು, ಅವಳು ಇಳಿದು ಬರುವುದು, ಇಬ್ಬರೂ ಹಡಗಿನ ನೆರಳಲ್ಲಿ ಹಲಗೆ ಹಾಕಿ ಕೂರುವುದು. ಅವಳು ನೋಡಿದ ಊರುಗಳ ಹೆಸರು ಹೇಳುತ್ತಿದ್ದಳು. ನೋಡಿದ ಎನ್ನುವಂತಿಲ್ಲ.

"ಕಿಟಕಿ ಇಲ್ಲದ ಮೇಲೆ ಎಲ್ಲಾ ಊರೂ ಒಂದೇ ಅಲ್ವನೇ?" ಎಂದೆ ಒಂದು ದಿನ.

"ಅಲ್ಲ. ಬೆಳಿಗ್ಗೆ ಏಳುವಾಗ ಇದು ಬೇರೆ ಊರು ಅಂತ ಗೊತ್ತಿರ್ತದಲ್ಲ," ಎಂದಳು. "ಅದು ಚೆಂದ ಅಮ್ಮಾ."

ಸಾರಿಗೆ ಉಪ್ಪು ಸಾಕಾ ಎಂದು ಕೇಳಿದೆ.

ಇತ್ತ ನಿರಂಜನ ಸಾಹೇಬರು ಹೂಗುಚ್ಛ ಕೊಟ್ಟು ಕಳಿಸಿದ್ದ ಗಣಪಿಯನ್ನು ಇನ್ನೂ ದೊಡ್ಡ ಹೂಗುಚ್ಛ ಕೊಟ್ಟು ಕರೆತಂದರು. ಅವಳು ಗಂಜಿ ಎಂದು ಕೂಗಿದಳು, ಪಾಯಸ ಎಂದು ಕೂಗಿದಳು. ಬರಲಿಲ್ಲ. "ಹೇಳದೆ ಎದ್ದು ಹೋದವರನ್ನು ನಮ್ಮ ಜಗಲಿ ಮೇಲೆ ನಿಂತು ಕೂಗಿದ್ರೆ ಬರ್ತಾರಾ ಸಾಹೇಬ್ರೇ? ಅವರಿದ್ದಲ್ಲಿಗೇ ಹೋಗ್ಬೇಕು. ಅವತ್ತು ಕೊಡದ ಕುಂಕುಮ ಕೊಟ್ಟು, ಹೇಳದ ಮಾತು ಹೇಳ್ಬೇಕು. ಆಮೇಲೆ ನನ್ನ ಕೂಗು. ಹೊನ್ನಕ್ಕ ಬಾರದೆ ಆಗುದಿಲ್ಲ," ಎಂದಳು. ಹೊನ್ನಕ್ಕ ಅಂದರೆ ನಾನು. ಹಾಗೆ ಸಾಹೇಬರಿಗೆ ನಾನೊಬ್ಬಳು ಇರುವುದು ತಿಳಿಯಿತು.

ನಮ್ಮ ಮನೆಯ ಬಾಗಿಲಿಗೆ ತಲೆ ತಗ್ಗಿಸಿ ಬಂದರು. ಬಾಗಿಲು ಗಿಡ್ಡ, ಎಲ್ಲರೂ ತಗ್ಗಿಸಲೇಬೇಕು.

"ಅಮ್ಮಾ, ದಯವಿಟ್ಟು ಅಲ್ಲೀವರೆಗೆ ಬರಬೇಕು. ಮೇಲಿನವರು ದಿನಾ ಕೇಳ್ತಿದ್ದಾರೆ, ಸಮುದ್ರ ಎಲ್ಲಿ ಅಂತ."

"ಮಂಡಿ ನೋವು ಸಾಹೇಬ್ರೇ," ಎಂದೆ. "ಕೆಸರಿನಲ್ಲಿ ಕಾಲು ಎತ್ತಿಡ್ಲಿಕ್ಕೇ ಆಗುದಿಲ್ಲ."

ಅವರು ನನ್ನ ಕಾಲು ನೋಡಿದರು. ಮೊಣಕಾಲಿನ ತನಕ ಹಸಿ ಕೆಸರಿತ್ತು. ನೋಡಿ, ಪಾಪ, ಎಂದು ನೋವಿನ ಎಣ್ಣೆಯ ಹೆಸರು ಹೇಳಿ ಹೋದರು. ಮಾರನೆಯ ದಿನವೂ ಬಂದರು. ನನ್ನ ಮಂಡಿ ಇನ್ನೂ ಹೆಚ್ಚಾಗಿತ್ತು. ಸಮುದ್ರ ಬಂದರೆ ಹಡಗು ಏಳುತ್ತದೆ, ಹಡಗು ಎದ್ದರೆ ಕುಸುಮ ಹೋಗುತ್ತಾಳೆ. ಎಷ್ಟೋ ವರ್ಷಕ್ಕೆ ಸಿಕ್ಕಿದ ಮಗಳಿಗೆ ಮಧ್ಯಾಹ್ನದ ಅನ್ನ ಹಾಕುವುದು ಬಿಟ್ಟು ನಾನು ಯಾರದೋ ಆಕರ್ಷಣೆಯನ್ನು ನೀರಿನ ಮೇಲೆ ತೇಲಿಸಬೇಕಾಗಿತ್ತೇ? ನನಗೇನೂ ಅವಸರವಿರಲಿಲ್ಲ. ನನ್ನದು ಹೇಗೂ ನಿಂತು ಕಾಯುವ ಕಸುಬು.

ಆಮೇಲೆ ಗಣಪಿ ಬಂದಳು. ಸಂಜೆ ನಾನು ಮರುದಿನದ ಬುತ್ತಿಗೆಂದು ಶೆಟ್ಲಿ ಸುಲಿಯುತ್ತಿದ್ದೆ. ಅವಳು ಎದುರು ಕೂತು ತಾನೂ ಸುಲಿಯತೊಡಗಿದಳು. ಅವಳ ಮಗ ಜಟ್ಟಪ್ಪ ಹಡಗು ಬರುವ ಮೊದಲೇ ಮೀನಿಗೆ ಹೋದವನು. ಅವನ ದೋಣಿ, ಇನ್ನೂ ಕೆಲವು ದೋಣಿಗಳು ಆಚೆ ಇದ್ದವು. ದಿನ ಕಳೆದರೂ ಬಂದಿರಲಿಲ್ಲ. ಸಿಟ್ಟಿನಲ್ಲಿರುವ ಸಮುದ್ರಕ್ಕೆ ಸಿಕ್ಕಿರಬೇಕು, ಬಿಟ್ಟರೆ ಬರುತ್ತಾರೆ ಎಂದು ಊರವರು ಹೇಳುತ್ತಿದ್ದರು. ನಾನೂ ಹಾಗೇ ಹೇಳಿಕೊಂಡಿದ್ದೆ.

"ನಿನ್ನ ಮಂಡಿ ಹೇಗುಂಟು ಹೊನ್ನಕ್ಕ?" ಎಂದಳು.

"ಹಾಗೇ ಉಂಟು."

"ಜಟ್ಟಪ್ಪನ ಫೋನು ಬಂದಿತ್ತು. ಒಂದೇ ಕ್ಷಣ ಸಿಕ್ಕಿತು. ಅಲೆ ಎಲ್ಲ ಆಚೆ ಮುಖ ಮಾಡಿ ಏಳ್ತಾ ಉಂಟಂತೆ. ಎಷ್ಟು ಹುಟ್ಟು ಹಾಕಿದ್ರೂ ಹೊರಗೇ ನೂಕ್ತದಂತೆ. ಇಂಜಿನ್ನಿನ ಎಣ್ಣೆ ಮುಗಿದಿದೆ. ಕುಡಿಯುವ ನೀರು ಬಿಂದಿಗೆಯ ತಳದಲ್ಲಿ ಉಂಟಂತೆ." ಒಂದು ಶೆಟ್ಲಿಯ ತಲೆ ಮುರಿದು ಬದಿಗಿಟ್ಟಳು. "ಚಿಕ್ಕಂದಿನಲ್ಲಿ ನಿನ್ನ ಕೈ ತುತ್ತೇ ಬೇಕಿತ್ತು ಅವನಿಗೆ. ನಾನು ಹಾಕಿದ್ರೆ ಉಗುಳ್ತಿದ್ದ."

"ದೊಡ್ಡಮ್ಮನ ಸಾರು ಖಾರ ಇಲ್ಲ ಅಂತಿದ್ದ, ಕಳ್ಳ," ಎಂದೆ.

"ನಿನ್ನ ಮಗಳು ಕೆಸರಿನಲ್ಲಿ ಸಿಕ್ಕಿದ್ಲು, ಸಂತೋಷವೇ. ನಾನೇನೂ ಅನ್ನುದಿಲ್ಲ. ನನ್ನ ಮಗ ನೀರಿನಲ್ಲಿದ್ದಾನೆ ಅಂತ ಅಷ್ಟೇ."

ಗಣಪಿ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದಿಲ್ಲ. ಊರನ್ನೆಲ್ಲ ಎಬ್ಬಿಸುವವಳು ಎದುರಿಗೆ ಕೂತು ಪಿಸುಗುಟ್ಟಿದರೆ ಯಾವ ಮಂಡಿಯ ನೋವು ನಿಂತೀತು? ಅರಶಿನ ಕುಂಕುಮದ ತಟ್ಟೆ ತೊಳೆದಿಟ್ಟೆ.

ಬೆಳಿಗ್ಗೆ ಇಬ್ಬರೂ ಹೊರಟೆವು. ಹಡಗಿನ ಬಳಿ ಬಂದಾಗ ಕುಸುಮ ಇಳಿದು ಬಂದಳು. ನನ್ನ ಕೈಯಲ್ಲಿದ್ದ ತಟ್ಟೆ ನೋಡಿದಳು. ನಮ್ಮ ಜೊತೆ ಹೆಜ್ಜೆ ಹಾಕಿದಳು. ಮೇಲಿನಿಂದ ಪ್ರಯಾಣಿಕರು ಕೈ ಬೀಸಿ ಫೋಟೋ ತೆಗೆದರು. ಸ್ಥಳೀಯ ಸಂಸ್ಕೃತಿ ಇರಬೇಕು. ತುಂಬ ದೂರ ನಡೆದೆವು. ಯಾವ ಕಾಲದ್ದೋ ಲಂಗರುಗಳು, ಬಾಯಿ ತೆರೆದ ಚಿಪ್ಪುಗಳು, ಮುಳುಗಿದ ದೋಣಿಯ ಪಕ್ಕೆಲುಬುಗಳು. ಅವುಗಳಲ್ಲಿ ಒಂದು ನನ್ನ ಗಂಡನದಿರಬಹುದಿತ್ತು. ಬಗ್ಗಿ ನೋಡಲಿಲ್ಲ. ಬೇರೆಯವರ ಮನೆಗೆ ಕರೆಯಲು ಹೋಗುವಾಗ ಹಳೆಯ ಜಗಳ ತೆಗೆಯುವುದು ಸರಿಯಲ್ಲ.

ಸಮುದ್ರ ಅಲ್ಲಿತ್ತು. ಗಣಪಿ ಹೇಳಿದ ಹಾಗೇ ಬೆನ್ನು ಹಾಕಿ ಕೂತಿತ್ತು. ಅಲೆಗಳೆಲ್ಲ ನಮ್ಮ ಕಾಲ ಬಳಿಯಲ್ಲಿ ಹುಟ್ಟಿ ಆಚೆ ಓಡುತ್ತಿದ್ದವು. ದೂರದಲ್ಲಿ ಕಪ್ಪು ಚುಕ್ಕೆಗಳ ಹಾಗೆ ದೋಣಿಗಳು. ಗಣಪಿ ಅವನ್ನು ಎಣಿಸಲಿಕ್ಕೂ ಹೆದರಿ ಕಣ್ಣು ಮುಚ್ಚಿದಳು.

"ಆ ಮಾತು ನಿಮಗೆ ಹೇಳಿದ್ದಲ್ಲ," ಎಂದೆ ನಾನು. "ಐಸ್‌ಕ್ರೀಮ್ ತಿನ್ನುತ್ತಾ ಕೂತವರಿಗೆ ಹೇಳಿದ್ದು. ದೊಡ್ಡವರು ನೀವು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಅಲೆ ತಿರುಗಲಿಲ್ಲ. ಅದಕ್ಕೆ ಬೇಕಾದ ಮಾತು ಅದಲ್ಲ ಎಂದು ನನಗೂ ಗೊತ್ತಿತ್ತು. ದಿನಾ ಹೇಳುವ ಎರಡು ಪದ, ನಾಲಿಗೆ ಎತ್ತಿದರೆ ಬರುವಂಥದ್ದು, ಅದನ್ನು ಹೇಳುವ ಬದಲು ತಟ್ಟೆಯಲ್ಲಿದ್ದ ಕುಂಕುಮದ ಭರಣಿಯನ್ನು ಆಚೀಚೆ ಸರಿಸಿದೆ.

ಕುಸುಮ ನನ್ನ ಪಕ್ಕಕ್ಕೆ ಬಂದಳು. "ಅವತ್ತು ನಾನು ಹೇಳಿ ಕೇಳಿ ಹೊರಟಿದ್ರೆ ನೀನು ಕಳಿಸ್ತಿದ್ಯಾ ಅಮ್ಮಾ?"

"ಇಲ್ಲ," ಎಂದೆ.

"ಅದಕ್ಕೇ ಕಾಯಿ ತರ್ತೇನೆ ಅಂದದ್ದು," ಎಂದಳು. ಎಂದು ಭರಣಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ಜಟ್ಟಪ್ಪ ಅವಳ ಜೊತೆ ಒಂದೇ ತೊಟ್ಟಿಲಿನಲ್ಲಿ ಮಲಗಿದವನು.

ಚಿಟಿಕೆ ಕುಂಕುಮ ನೀರಿಗೆ ಬಿಟ್ಟೆ. "ಹೋಗಿ ಬನ್ನಿ," ಎಂದೆ. ಆಚೆ ಓಡುತ್ತಿದ್ದ ಅಲೆಯೊಂದು ನಡುವೆ ನಿಂತಿತು. ಗಣಪಿ ಕಣ್ಣು ಮುಚ್ಚಿಕೊಂಡೇ ಸೆರಗು ಸಿಕ್ಕಿಸಿ ಕೂಗಿದಳು. "ಬನ್ನೀ, ಗಂಜಿ ಆಗಿದೆ, ಬನ್ನೀ!" ಒಂದೊಂದೇ ಅಲೆ ಮುಖ ತಿರುಗಿಸಿತು.

ನೆಂಟರನ್ನು ಕರೆದುಕೊಂಡು ಬರುವಾಗ ಮುಂದೆ ಮುಂದೆ ಓಡಬಾರದು, ಅಗೌರವ. ಮೂವರೂ ಮೆಲ್ಲಗೆ ನಡೆದೆವು. ನೀರು ಹಿಮ್ಮಡಿಗೆ ತಾಗುತ್ತ, ಕಣಕಾಲಿಗೆ ತಾಗುತ್ತ ಹಿಂದೆಯೇ ಬಂತು. ಹಡಗಿನ ಬಳಿ ಬಂದಾಗ ಸೊಂಟದ ತನಕ ಇತ್ತು. ಕುಸುಮ ಏಣಿ ಹಿಡಿದಳು. ಇಡೀ ಹಡಗಿನ ಚಾದರ ನೆನೆಹಾಕಿ ಬಂದಿದ್ದೇನೆ ಎಂದಳು. ನಾನು ತಲೆಯಾಡಿಸಿದೆ. ಒದ್ದೆ ಬಟ್ಟೆ ಬಹಳ ಹೊತ್ತು ಬಿಟ್ಟರೆ ವಾಸನೆ ಬರುತ್ತದೆ.

ದೋಣಿಗಳು ಬಂದವು. ಜಟ್ಟಪ್ಪ ತುಟಿ ಒಡೆದುಕೊಂಡು, ಕಣ್ಣು ಗುಳಿಬಿದ್ದು ಬಂದ. ಬಂದವನೇ ಇಡೀ ತಂಬಿಗೆ ನೀರು ಕುಡಿದು, "ಎಂತಕ್ಕೆ ಇಷ್ಟು ತಡ ಮಾಡಿದ್ರಿ?" ಎಂದು ಅವ್ವನಿಗೆ ಬೈದ. ಗಣಪಿ ನನ್ನ ಕಡೆ ನೋಡಲಿಲ್ಲ. "ನಿನ್ನ ದೊಡ್ಡಮ್ಮನಿಗೆ ಮಂಡಿ ನೋವಿತ್ತು," ಎಂದಳು.

ಸಂಜೆ ಹಡಗು ಹೊರಡುವ ಹೊತ್ತಿಗೆ ನಿರಂಜನ ಸಾಹೇಬರು ನನ್ನ ಕೊರಳಿಗೆ ಪಾಸು ಹಾಕಿದರು. ಅದರ ಮೇಲೆ 'ನಿರ್ಗಮನ ಸಂಯೋಜಕಿ' ಎಂದು ಅಚ್ಚಾಗಿತ್ತು. ಸೆಕ್ಯುರಿಟಿ ಸಲಾಮು ಹೊಡೆದ. ಬ್ಯಾಂಡು ಬಾರಿಸಿತು. ಧ್ವನಿವರ್ಧಕದ ಹುಡುಗಿಯನ್ನು ತೆಗೆಯಲಿಲ್ಲ. ಗಣಪಿ ಕೂಗಿದ ಮೇಲೆ ಅವಳೂ ಕೂಗಬೇಕೆಂದು ತೀರ್ಮಾನವಾಯಿತು. ಸಮುದ್ರ ಹೇಗೂ ಬಂದಿರುತ್ತದೆ, ಅವಳ ಕೂಗಿಗೂ ಫಲ ಸಿಕ್ಕಿದಂತಾಗುತ್ತದೆ.

ನಾನು ಕಟ್ಟೆಯ ತುದಿಯಲ್ಲಿ ನಿಂತೆ. ಕುಂಕುಮ ಬಿಟ್ಟು ಸಮುದ್ರಕ್ಕೆ ಹೇಳಬೇಕಾದದ್ದು ಹೇಳಿದೆ. ನೀರು ಮೆಲ್ಲಗೆ ಸರಿಯಿತು, ಹಡಗೂ ಸರಿಯಿತು. ಕಿಟಕಿಗಳಲ್ಲೆಲ್ಲ ಜನ, ನಾನು ಕಿಟಕಿ ಇಲ್ಲದ ಜಾಗವನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಹಿಂಬದಿಯಲ್ಲಿ ಕಸ ಎಸೆಯುವ ಸಣ್ಣ ಬಾಗಿಲು ತೆರೆಯಿತು. ನೀಲಿ ಅಂಗಿ ಕಾಣಿಸಿತು.

"ಅಮ್ಮಾ, ಬರ್ತೇನೆ!"

ಇಷ್ಟು ವರ್ಷ ಮೆಲ್ಲಗೆ ಹೇಳಿ ಅಭ್ಯಾಸವಾದ ಗಂಟಲು ನನ್ನದು. ಆದರೂ ಗಣಪಿಯ ಹಾಗೆ ಸೆರಗು ಸಿಕ್ಕಿಸಿ ಕೂಗಿದೆ.

"ಹೋಗಿ ಬಾ! ಚಟ್ನಿಗೆ ಕಾಯಿ ಇಲ್ಲ!"

"ಎಷ್ಟು ತರ್ಬೇಕು?"

"ಒಂದು ಸಾಕು," ಎಂದೆ. "ಎರಡು ಹುಡುಕ್ತೇನೆ ಅಂತ ತಡ ಮಾಡ್ಬೇಡ."

ಬ್ಯಾಂಡಿನವರು ಚೀಲ ಕಟ್ಟಿಕೊಂಡು ಹೋದರು, ಸಾಹೇಬರು ಕಾರು ಹತ್ತಿದರು. ಹಡಗು ಅಳಿವೆ ಬಾಯಿ ದಾಟುವ ತನಕ ನಾನು ಊರಿನ ಬಾಗಿಲಲ್ಲಿ, ಕಟ್ಟೆಯ ತುದಿಯಲ್ಲಿ, ನಿಂತೇ ಇದ್ದೆ. ನಡುನಡುವೆ ಅದೂ ತಿರುಗಿ ನೋಡಿತು.